ಅಂಕಲ್, ಕೋಟೆ ಎಲ್ಲಿ?

ಹೋದ ತಿಂಗಳು ಇಂಗ್ಲೆಂಡಿನ ಟೆಲ್‌ಫರ್ಡ್ ಪಕ್ಕದ ರೀಕಿನ್ ಬೆಟ್ಟ ಹತ್ತಿ ನಿಂತಾಗ ಒಬ್ಬ ಹುಡುಗ ಕೇಳಿದ ಪ್ರಶ್ನೆ ಇದು. ಅವನದೇನೂ ತಪ್ಪಿಲ್ಲ. 'ಕೋಟೆ ನೋಡೋಣ ಬನ್ನಿ' ಅಂತ ಎಲ್ಲರನ್ನೂ ಕರೆದವನು ನಾನು. ಹುಡುಗ ರಜೆಯಲ್ಲಿ ಚಿತ್ರದುರ್ಗ ನೋಡಿ ಬಂದವನು. ಇಲ್ಲಿ ಬುರುಜು ಇಲ್ಲ, ಕಲ್ಲಿನ ಗೋಡೆ ಇಲ್ಲ.

ಇರೋದು ಮಣ್ಣಿನ ದಿಬ್ಬ. ಕೆಳಗಿನಿಂದ ಓಕ್, ಬರ್ಚ್ ಮರಗಳ ನಡುವೆ ಏದುಸಿರು ಬಿಡುತ್ತಾ ಬಂದರೆ, ಮರಗಳು ಮುಗಿಯುವ ಹೊತ್ತಿಗೆ ಒಂದು ಕಡೆ ದಾರಿಯ ಎಡಕ್ಕೂ ಬಲಕ್ಕೂ ನೆಲ ಉಬ್ಬಿಕೊಂಡಿದೆ. ಮೇಲೆಲ್ಲ ಹುಲ್ಲು. ನಾವೆಲ್ಲ ಪುಳಿಯೋಗರೆ ಡಬ್ಬಿ ಯಾರ ಬ್ಯಾಗಿನಲ್ಲಿದೆ ಅಂತ ಮಾತಾಡುತ್ತಾ ದಾಟಿಬಿಟ್ಟೆವು. ಅದೇ ಕೋಟೆಯ ಹೊರಬಾಗಿಲು. ಹೆಸರು ನರಕದ ಬಾಗಿಲು! ಇನ್ನೂ ಮೇಲೆ ಹೋದರೆ ಸ್ವರ್ಗದ ಬಾಗಿಲು. ರೋಮನ್ನರು ಬರುವ ಮೊದಲು, ಅಂದರೆ 2000 ವರ್ಷಕ್ಕೂ ಹಿಂದೆ, ಕೊರ್ನೋವಿ ಅನ್ನುವ ಜನ ಇಲ್ಲಿದ್ದರು. ಅವರ ಮನೆಗಳು ಮರದವು. ಮರ ಹೋಯಿತು, ಕಂಬ ನೆಟ್ಟ ಗುಂಡಿಗಳು ಮಣ್ಣಿನಡಿ ಉಳಿದವು. 1939ರಲ್ಲಿ ಇಲ್ಲಿ ಅಗೆದು ನೋಡಿದ ಪುರಾತತ್ವಜ್ಞೆ ಕ್ಯಾಥ್ಲೀನ್ ಕೆನ್ಯನ್ ಮುಂದೆ ಪ್ಯಾಲೆಸ್ಟೈನಿನ ಪುರಾತನ ಊರು ಜೆರಿಕೋದಲ್ಲಿ ಅಗೆದು ಜಗತ್ಪ್ರಸಿದ್ಧರಾದರು.

ಹುಡುಗನಿಗೆ ಇದೆಲ್ಲ ಸಪ್ಪೆ. ಕೊನೆಗೆ ಮಾನ ಉಳಿಸಿದ್ದು 'ಸೂಜಿಕಣ್ಣು' ಅನ್ನುವ ಸೀಳುಬಂಡೆ. ಓಬವ್ವನ ಕಿಂಡಿ ಸಿಕ್ಕಿತು ಅಂತ ನಾಲ್ಕು ಸಲ ನುಸುಳಿದ.

ಬೆಟ್ಟ ಇರೋದು ಬರೀ 407 ಮೀಟರ್. ಆದರೆ ಸುತ್ತ ಬಯಲು, ಹಾಗಾಗಿ ದೂರದಿಂದಲೇ ಕಾಣುತ್ತದೆ. ಬರ್ಮಿಂಗ್‌ಹ್ಯಾಮ್ ಕಡೆಯವರು ಸುತ್ತಿ ಬಳಸಿ ಹೋಗುವುದಕ್ಕೆ 'ರೀಕಿನ್ ಸುತ್ತಿ ಬಂದ' ಅನ್ನುತ್ತಾರೆ. ಆಫೀಸಿನಲ್ಲಿ ಮೊದಲ ಸಲ ಕೇಳಿದಾಗ ನನಗೆ ನಗು ತಡೆಯಲಿಲ್ಲ. ಕೊಂಕಣ ಸುತ್ತಿ ಮೈಲಾರಕ್ಕೆ ಬಂದದ್ದು ನಾವು ಮಾತ್ರ ಅಲ್ಲ, ಅಲ್ವಾ?

ಇಳಿಯುವಾಗ ಅವನಿಗೊಂದು ಕಥೆ ಹೇಳಿದೆ. ನದಿಗೆ ಅಡ್ಡ ಹಾಕಿ ಶ್ರೂಸ್‌ಬರಿ ಊರನ್ನು ಮುಳುಗಿಸಲು ಒಬ್ಬ ವೇಲ್ಸ್ ದೈತ್ಯ ಸಲಿಕೆ ತುಂಬ ಮಣ್ಣು ಹೊತ್ತು ಬಂದನಂತೆ. ದಾರಿಯಲ್ಲಿ ಸಿಕ್ಕಿದ ಚಮ್ಮಾರ ತನ್ನ ಮೂಟೆಯಿಂದ ಸವೆದ ಚಪ್ಪಲಿಗಳನ್ನು ಸುರಿದು, 'ಅಯ್ಯೋ, ಶ್ರೂಸ್‌ಬರಿಯಿಂದ ಬರುವಷ್ಟರಲ್ಲಿ ಇಷ್ಟೆಲ್ಲ ಸವೆದು ಹೋದವು' ಅಂದ. ದೈತ್ಯ ಸುಸ್ತಾಗಿ ಮಣ್ಣು ಅಲ್ಲೇ ಸುರಿದ. ಅದೇ ರೀಕಿನ್. ಬೂಟಿಗೆ ಮೆತ್ತಿದ್ದನ್ನು ಕೆರೆದು ಹಾಕಿದ್ದು ಪಕ್ಕದ ಅರ್ಕಲ್ ಗುಡ್ಡ.

ಹುಡುಗ ಕಾರು ಹತ್ತುವ ಮೊದಲು ತನ್ನ ಬೂಟನ್ನೂ ಕೆರೆದು, ಅಂಗೈಯಗಲದ ಒಂದು ಗುಡ್ಡ ಮಾಡಿಟ್ಟು ಬಂದ.