ಎಳೆ ರಕ್ತಕಣಗಳ ಬಗ್ಗೆ, ನಿನಗೆ

ಗೆಳೆಯಾ,

ಎಲ್ಲರೂ ಓದುವ ಕಡೆ ಪತ್ರ ಬರೆಯಬೇಡ ಅಂದಿದ್ದೆ ನೀನು. ಆದರೂ ಇಲ್ಲೇ ಬರೆಯುತ್ತಿದ್ದೇನೆ. ಇದು ಇನ್ನೂ ಕೆಲವರಿಗೆ ಬೇಕಾಗಬಹುದು. ಪೆಂಗ್ವಿನ್ ಸುದ್ದಿ ಎತ್ತಲ್ಲ, ಮಾತು ಕೊಟ್ಟಿದ್ದೇನೆ.

ನಾನು ಬೀಟಾ ಥಲಸ್ಸೀಮಿಯಾ ಕ್ಯಾರಿಯರ್, ಅಂದರೆ ರಕ್ತದ ಹಿಮೋಗ್ಲೋಬಿನ್ ಕಡಿಮೆ ಮಾಡುವ ವಂಶವಾಹಿಯ ಒಂದು ಪ್ರತಿ ಹೊತ್ತವನು ಅಂತ ಗೊತ್ತಾದಾಗ, "ಬಿಡು, ನಿನಗೆ ಮಲೇರಿಯಾ ಕಾಟ ಕಡಿಮೆ" ಅಂದೆಯಲ್ಲ. ಅದು ಸುಮ್ನೆ ಸಮಾಧಾನದ ಮಾತಲ್ಲ. ಮಲೇರಿಯಾ ಇರುವ ಕಡೆ ಈ ವಂಶವಾಹಿ ಅಳಿಯದೆ ಉಳಿದಿರುವುದಕ್ಕೆ, ಒಂದೇ ಪ್ರತಿ ಇದ್ದವರಿಗೆ ಏನೋ ಲಾಭ ಸಿಕ್ಕಿರಬೇಕು ಅಂತ ವಿಜ್ಞಾನಿ ಹಾಲ್ಡೇನ್ 1949ರಲ್ಲೇ ಹೇಳಿದ್ದರು.

ಆದರೆ ಆ ಲಾಭ ಹೇಗೆ ಬರುತ್ತದೆ ಅಂತ ಓದಿದ ಮೇಲೆ ಮನಸ್ಸು ಕಲಕಿದೆ. ಪೆಸಿಫಿಕ್ ಸಾಗರದ ವನುವಾಟು ದ್ವೀಪಗಳಲ್ಲಿ ಆಲ್ಫಾ ಥಲಸ್ಸೀಮಿಯಾ (ಇದರದೇ ಇನ್ನೊಂದು ಬಗೆ) ಇದ್ದ ಮಕ್ಕಳ ಮೇಲಿನ ಅಧ್ಯಯನ 1996ರಲ್ಲಿ ಬಂತು. ಆ ಮಕ್ಕಳಿಗೆ ಮಲೇರಿಯಾ ಕಡಿಮೆ ಇರಲಿಲ್ಲ, ಜಾಸ್ತಿ ಇತ್ತು! ಅದೂ ತೀರಾ ಚಿಕ್ಕವರಲ್ಲಿ, ಅದರಲ್ಲೂ ವೈವಾಕ್ಸ್ ಅನ್ನುವ ಪರಾವಲಂಬಿ ತರುವ ಮಲೇರಿಯಾ.

ವೈವಾಕ್ಸ್ ಹುಡುಕುವುದು ಎಳೆ ಕೆಂಪು ಕಣಗಳನ್ನು, ಅಂದರೆ ರೆಟಿಕ್ಯುಲೋಸೈಟ್‌ಗಳನ್ನು. ಆಗಷ್ಟೇ ಮೂಳೆಯ ಮಜ್ಜೆಯಿಂದ ಹೊರಬಂದವು ಅವು. ಕಬ್ಬಿಣ ಒಳಗೆಳೆದುಕೊಳ್ಳಲು ಅವುಗಳ ಮೈಮೇಲೆ ಒಂದು ಪ್ರೋಟೀನ್ ಇರುತ್ತದೆ. ವೈವಾಕ್ಸ್ ಹಿಡಿದುಕೊಳ್ಳುವುದು ಅದನ್ನೇ. ಕಣ ಒಂದೆರಡು ದಿನದಲ್ಲಿ ಬಲಿಯುತ್ತದೆ, ಆ ಪ್ರೋಟೀನ್ ಕಳಚಿಹೋಗುತ್ತದೆ. ಆರೋಗ್ಯವಂತರ ರಕ್ತದಲ್ಲಿ ಇಂಥ ಎಳೆಯವು ನೂರಕ್ಕೆ ಒಂದೆರಡು ಅಷ್ಟೇ. ಥಲಸ್ಸೀಮಿಯಾ ಇರುವವರಂತೆ, ಕಣಗಳು ಎಂದಿನ 120 ದಿನ ಬಾಳದೆ ಬೇಗ ಒಡೆಯುವವರಲ್ಲಿ ಮಜ್ಜೆ ಹೊಸದನ್ನು ಅವಸರದಲ್ಲಿ ಕಳಿಸುತ್ತದೆ. ಎಳೆಯವು ಜಾಸ್ತಿಯಾಗುತ್ತವೆ, ವೈವಾಕ್ಸ್‌ಗೂ ದಾರಿ ಸಲೀಸಾಗುತ್ತದೆ. ಹೀಗೆ ಚಿಕ್ಕಂದಿನಲ್ಲೇ ವೈವಾಕ್ಸ್ ಬಂದುಹೋದರೆ, ಮುಂದೆ ಜೀವ ತೆಗೆಯುವ ಇನ್ನೊಂದು ಮಲೇರಿಯಾ ಪರಾವಲಂಬಿ ಫಾಲ್ಸಿಪ್ಯಾರಮ್ ಬಂದಾಗ ದೇಹ ಸ್ವಲ್ಪ ತಯಾರಾಗಿರಬಹುದು ಎಂಬುದು ಆ ಸಂಶೋಧಕರ ಊಹೆ. ಮರುವರ್ಷ ಪಪುವಾ ನ್ಯೂಗಿನಿಯ ಅಧ್ಯಯನದಲ್ಲಿ ಇಂಥ ಮಕ್ಕಳಿಗೆ ತೀವ್ರ ಮಲೇರಿಯಾ ಕಡಿಮೆ ಅಂತ ಕಂಡುಬಂತು.

ಅಂದರೆ ಆ ರಕ್ಷಣೆ ಸಿಗಬೇಕಾದರೂ ಮಗು ಮೊದಲು ಜ್ವರದಲ್ಲಿ ನಡುಗಬೇಕು ಅಲ್ವಾ?

ಅವರದು ಆಲ್ಫಾ, ನನ್ನದು ಬೀಟಾ. ಇಲ್ಲಿ ಲೆಕ್ಕ ಇನ್ನೂ ಕಠಿಣ. ಒಂದು ಪ್ರತಿ ಇದ್ದ ನಾನು ಆರಾಮಾಗಿದ್ದೇನೆ. ಎರಡೂ ಪ್ರತಿ ಬಂದ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಿಸುತ್ತಲೇ ಇರಬೇಕು. ನನ್ನವಳ ಎಚ್‌ಬಿ ಎ2 ರಿಪೋರ್ಟ್ (ಕ್ಯಾರಿಯರ್ ಹೌದೋ ಅಲ್ಲವೋ ತಿಳಿಸುವ ರಕ್ತಪರೀಕ್ಷೆಯದು) ಇನ್ನೂ ಬಂದಿಲ್ಲ. ಅವಳೂ ಕ್ಯಾರಿಯರ್ ಆದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಆ ಸಾಧ್ಯತೆ. ನಾವು ಮಗುವಿಗೆ ಹೆಸರು ಕೂಡ ಆರಿಸಿಬಿಟ್ಟಿದ್ದೇವೆ, ಗೊತ್ತಾ? ಈಗ ಆ ಹೆಸರನ್ನು ಇಬ್ಬರೂ ಬಾಯಿಬಿಟ್ಟು ಹೇಳುತ್ತಿಲ್ಲ.

ಇಷ್ಟೆಲ್ಲ ಬರೆಯಬೇಕು ಅಂತಿರಲಿಲ್ಲ. ಇರಲಿ ಬಿಡು.

ನೀನೂ ಮದುವೆಗೆ ಮುಂಚೆ ಆ ಪರೀಕ್ಷೆ ಮಾಡಿಸಿಕೋ. ಸೂಜಿ ಅಂದರೆ ನಿನಗೆ ಏನಾಗುತ್ತದೆ ಅಂತ ಇಲ್ಲಿ ಹೇಳಲ್ಲ. ಜೊತೆಗೆ ನಾನು ಬರುತ್ತೇನೆ, ಪೆಂಗ್ವಿನ್ನನ್ನೂ ಕರೆದುಕೊಂಡು.

ನಿನ್ನವನು