ಆಶ್ರಯ ಬದಲಿಸುವ ಬ್ಯಾಕ್ಟೀರಿಯಾ

ಮಾನ್ಯ ಸಂಪಾದಕರೇ,

ಪ್ರಾಣಿಗಳಿಂದ ಮನುಷ್ಯರಿಗೆ ಹರಡುವ ಸೋಂಕುಗಳ ಬಗ್ಗೆ ಸಾಕಷ್ಟು ಚರ್ಚೆಯಾಗುತ್ತದೆ. ಮನುಷ್ಯರಿಂದ ಪ್ರಾಣಿಗಳಿಗೆ ದಾಟುವ ಬ್ಯಾಕ್ಟೀರಿಯಾಗಳ ಕಡೆಗೆ ಗಮನ ಕಡಿಮೆ. ನಮ್ಮ ಮೂಗು, ಚರ್ಮಗಳಲ್ಲಿ ವಾಸಿಸುವ ಸ್ಟಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾದ ಒಂದು ತಳಿ ಕೋಳಿಗಳಿಗೆ ದಾಟಿದ ಮೇಲೆ, ಮನುಷ್ಯದೇಹದಲ್ಲಿ ಉಪಯುಕ್ತವಾಗಿದ್ದ ಕೆಲವು ಜೀನ್‌ಗಳ ಕಾರ್ಯವನ್ನು ಕಳೆದುಕೊಂಡು, ಪಕ್ಷಿಗಳಲ್ಲಿನ ಬ್ಯಾಕ್ಟೀರಿಯಾ ತಳಿಗಳಿಂದ ಹೊಸ ಜೀನ್‌ಗಳನ್ನು ಪಡೆದುಕೊಂಡಿತೆಂದು ಸಂಶೋಧಕರು 2009ರಲ್ಲಿ ತೋರಿಸಿದರು. ಮೊಲಗಳ ವಿಷಯದಲ್ಲಂತೂ ಇಷ್ಟೂ ಬೇಕಾಗಲಿಲ್ಲ: ಡಿಎನ್‌ಎಯ ಒಂದೇ ಒಂದು ಅಕ್ಷರ ಬದಲಾದರೆ ಮನುಷ್ಯರಲ್ಲಿರುವ ಇದೇ ಬ್ಯಾಕ್ಟೀರಿಯಾದ ತಳಿಯೊಂದು ಮೊಲಗಳಿಗೆ ಸೋಂಕು ತರಬಲ್ಲದೆಂಬುದು 2015ರ ಅಧ್ಯಯನದಿಂದ ತಿಳಿಯಿತು, ನನಗೆ ಇದು ನಿಜಕ್ಕೂ ಕಳವಳಕಾರಿ ಎನಿಸಿದೆ. ಆದ್ದರಿಂದ ಪ್ರಾಣಿಗಳ ಮತ್ತು ಮನುಷ್ಯರ ರೋಗಾಣುಗಳನ್ನು ಬೇರೆ ಬೇರೆ ಪ್ರಯೋಗಾಲಯಗಳಲ್ಲಿ ಪರೀಕ್ಷಿಸಿ ಸುಮ್ಮನಾಗದೆ, ಅವುಗಳ ಜೀನೋಮ್‌ಗಳನ್ನು (ಪೂರ್ಣ ಡಿಎನ್‌ಎಯನ್ನು) ಒಟ್ಟಿಗೆ ಹೋಲಿಸಿ ನೋಡುವ ವ್ಯವಸ್ಥೆಯನ್ನು ಆರೋಗ್ಯ ಮತ್ತು ಪಶುವೈದ್ಯ ಇಲಾಖೆಗಳು ರೂಪಿಸಬೇಕು.

– ಓರ್ವ ಓದುಗ