ಮುಂಗಾರು ಮೋಡವೂ ಪರೀಕ್ಷೆಗೆ ಬರಲಿ
ಮಾನ್ಯ ಸಂಪಾದಕರೇ,

ವಿಮಾನದ ಎಂಜಿನ್ ಮತ್ತು ಉಪಕರಣಗಳನ್ನು ಕೃತಕ ಹಿಮದಲ್ಲಿ ಪರೀಕ್ಷಿಸುವಾಗ ನಮ್ಮ ಮುಂಗಾರು ಮೋಡಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಿಮ ಅಂದರೆ ಚಳಿ ದೇಶದ ತೊಂದರೆ ಎಂದು ಸುಮ್ನೆ ಕೂರುವಂತಿಲ್ಲ. ಬಿಸಿ ನಾಡಿನ ಗುಡುಗು ಮೋಡಗಳ ನೆತ್ತಿಯಲ್ಲೇ ಹಿಮದ ಹರಳು ಜಾಸ್ತಿ. ವಿಮಾನದ ರಾಡಾರ್‌ಗೂ ಅವು ಸರಿಯಾಗಿ ಕಾಣುವುದಿಲ್ಲ. ಎಂಜಿನ್ ಒಳಗೆ ಹೋಗಿ ಅರ್ಧ ಕರಗಿ, ಅಲ್ಲೇ ಅಂಟಿ ಗಡ್ಡೆ ಕಟ್ಟುತ್ತವೆ. 2009ರಲ್ಲಿ ಏರ್ ಫ್ರಾನ್ಸ್ 447 ವಿಮಾನದ ವೇಗ ಅಳೆಯುವ ಪಿಟೋ ಕೊಳವೆಗಳು ಕಟ್ಟಿಕೊಂಡದ್ದು ಇಂಥ ಹರಳುಗಳಿಂದಲೇ. ಪೈಲಟ್‌ಗಳು ಗೊಂದಲಕ್ಕೆ ಬಿದ್ದರು. 228 ಜನ ಸತ್ತರು. ಮಳೆಗಾಲದಲ್ಲಿ ಮುಂಬೈಯಿಂದ ಮಂಗಳೂರಿಗೆ ಹಾರುವ ನಮಗೆ ಇದು ದೂರದ ಮಾತೇನಲ್ಲ, ಅಲ್ವಾ? ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ವಿಮಾನದಲ್ಲೇ ಹಾರಿ ಮುಂಗಾರು ಮೋಡಗಳನ್ನು ಅಳೆದಿದೆ. ಆ ಅಳತೆಗಳನ್ನು ಎಂಜಿನ್ ಪರೀಕ್ಷೆಗೆ ಬಳಸುವಂತೆ ವಿಮಾನಯಾನ ಇಲಾಖೆ ತಯಾರಕರಿಗೆ ಹೇಳಲಿ.

– ಓದುಗ, ಡೊಂಬಿವಲಿ